ಅಟ್ಟದಿಂದ ಇಳಿದ ಚೀಟಿಗಳು

ಉತ್ತರದವರಿಗೂ ದಕ್ಷಿಣದವರಿಗೂ ಯುದ್ಧ ಶುರುವಾದದ್ದು ಸಮ್ಟರ್ ಕೋಟೆ ಮೇಲೆ ಬಿದ್ದ ಗುಂಡಿನಿಂದ ಅಂತ ಪತ್ರಿಕೆಯವರು ಬರೀತಾರೆ. ಬರೀಲಿ ಪಾಪ, ಅವರ ಹೊಟ್ಟೆಪಾಡು. ನನ್ನ ಮುಂದೆ ಮಾತ್ರ ಆ ಮಾತು ಬೇಡ. ಅದಕ್ಕೂ ಹದಿನಾರು ವರ್ಷ ಮೊದಲೇ, ಒಹಾಯೊ ನದಿ ದಂಡೆಯ ನಮ್ಮ ಕ್ಲೋವರ್ ಲ್ಯಾಂಡಿಂಗ್ ಊರಿನ ಮೆಥಡಿಸ್ಟ್ ಚರ್ಚಿನಲ್ಲಿ, ಅಕ್ಟೋಬರ್ ತಿಂಗಳ ಒಂದು ಭಾನುವಾರ ಬೆಳಿಗ್ಗೆ ಹತ್ತೂವರೆಗೆ ಅದು ಶುರುವಾಯ್ತು. ನಾನು ಕಣ್ಣಾರೆ ನೋಡಿದ್ದೀನಿ. ನೋಡಿದ್ದೇನು ಬಂತು, ಶುರು ಮಾಡಿದವರಲ್ಲಿ ನಾನೂ ಒಬ್ಬಳು. ಅದಕ್ಕೆ ನನಗೇನೂ ಬೇಜಾರಿಲ್ಲ.

ನನ್ನ ಹೆಸರು ಕೆಜಾಯ. ಬಟ್ಟೆ ಒಗೆಯೋಳು. ಕೆಂಟಕಿಯಲ್ಲಿ ನನಗಿಂತ ಚೆನ್ನಾಗಿ ಅಂಗಿಯ ಕಾಲರಿಗೆ ಗಂಜಿ ಹಾಕೋಳು ಇದ್ದರೆ ಕರ್ಕೊಂಡು ಬನ್ನಿ, ನಾನೂ ನೋಡ್ತೀನಿ. ಊರಿನ ಬಿಳಿಯರೆಲ್ಲ ನನ್ನನ್ನ ಕೆಜಾಯತ್ತೆ ಅಂತಲೇ ಕರೀತಿದ್ದರು. ಪ್ರೀತಿಗಲ್ಲ. ಕರಿಯಳ ಹೆಸರಿನ ಮುಂದೆ 'ಶ್ರೀಮತಿ' ಅಂತ ಸೇರಿಸಬೇಕಾಗಿ ಬಂದರೆ ಅವರ ನಾಲಿಗೆ ಸವೆದು ಹೋಗುತ್ತಲ್ಲ, ಅದಕ್ಕೆ.

ಹುಟ್ಟುವಾಗ ನಾನೂ ಗುಲಾಮಳೇ. ನಮ್ಮ ಧಣಿ ಮುದುಕ ಜಡ್ಜ್ ಬ್ರಾಶಿಯರ್ ಸಾಯೋವಾಗ ಉಯಿಲಿನಲ್ಲಿ ನನ್ನನ್ನೂ ನನ್ನ ಗಂಡ ಓಬೇದನನ್ನೂ ಬಿಡುಗಡೆ ಮಾಡಿದ. ಆದರೆ ನನ್ನ ಒಬ್ಬಳೇ ಮಗಳು ಡೋರ್ಕಸ್‌ಳನ್ನ ಅದಕ್ಕೂ ಮೊದಲೇ ತನ್ನ ಮಗಳು ಲವೀನಿಯಾಗೆ ಮದುವೆ ಉಡುಗೊರೆ ಅಂತ ಕೊಟ್ಟುಬಿಟ್ಟಿದ್ದ. ಬೆಳ್ಳಿ ಚಮಚ ಹನ್ನೆರಡು, ಗರಿ ತುಂಬಿದ ಹಾಸಿಗೆ ಎರಡು, ಡೋರ್ಕಸ್ ಒಂದು. ಪತ್ರದಲ್ಲಿ ಹಾಗೇ ಬರೆದಿದ್ದ. ಅಳಿಯನ ಮೇಲೆ ಮುದುಕನಿಗೆ ಎಳ್ಳಷ್ಟೂ ನಂಬಿಕೆ ಇರಲಿಲ್ಲ, ಹಾಗಾಗಿ ಕೊನೆಗೆ ಇನ್ನೊಂದು ಮಾತು ಸೇರಿಸಿದ್ದ: ಲವೀನಿಯಾ ತಾನಾಗಿ ಸಹಿ ಹಾಕದೆ ಇದರಲ್ಲಿ ಯಾವುದನ್ನೂ ಮಾರೋ ಹಾಗಿಲ್ಲ.

ಆ ಅಳಿಯನೇ ಆಶರ್ ಪಿಕೆಟ್. ಹಗ್ಗದ ಕಾರ್ಖಾನೆ ಅವನದು, ಚರ್ಚಿನ ಮೊದಲ ಬೆಂಚು ಅವನದು, ಚರ್ಚಿಗೆ ಕಬ್ಬಿಣದ ಒಲೆ ದಾನ ಕೊಟ್ಟವನೂ ಅವನೇ. ಚಳಿಗಾಲದಲ್ಲಿ ನಮ್ಮ ಮೈ ಬೆಚ್ಚಗಾದಾಗೆಲ್ಲ ಅದನ್ನ ನೆನಪಿಸೋಕೆ ಮರೀತಿರಲಿಲ್ಲ, ಪುಣ್ಯಾತ್ಮ. ಆ ಅಕ್ಟೋಬರ್‌ನಲ್ಲಿ ದಕ್ಷಿಣದಿಂದ ಒಬ್ಬ ಆಳು ವ್ಯಾಪಾರಿ ಬಂದು ನದಿ ದಂಡೆಯ ಹೋಟೆಲಿನಲ್ಲಿ ಇಳಿದಿದ್ದ. ಮಂಗಳವಾರದ ಸ್ಟೀಮರ್‌ನಲ್ಲಿ ಮಿಸಿಸಿಪ್ಪಿಯ ಹತ್ತಿ ಹೊಲಗಳಿಗೆ ಜನರನ್ನ ಸಾಗಿಸೋನು. ಪಿಕೆಟ್ ಅವನ ಜೊತೆ ಕೂತು ಡೋರ್ಕಸ್‌ಳನ್ನ ಕೊಡೋದು ಅಂತ ಮಾತು ಮುಗಿಸಿದ್ದ. ನನ್ನ ಮಗಳಿಗೆ ಆಗ ಹತ್ತೊಂಬತ್ತು ವರ್ಷ. ಆ ಹೊಲಗಳಿಗೆ ಹೋದವರ ಕಾಗದ ನಮ್ಮೂರಿಗೆ ಒಂದೂ ಬಂದಿಲ್ಲ.

ಉಳಿದಿದ್ದು ಲವೀನಿಯಮ್ಮನ ಸಹಿ ಒಂದೇ.

ಗುರುವಾರ ಇಸ್ತ್ರಿ ಮಾಡಿದ ಬಟ್ಟೆಯ ಬುಟ್ಟಿ ಹೊತ್ತುಕೊಂಡು ಅವರ ಮನೆಗೆ ಹೋದೆ. ಲವೀನಿಯಮ್ಮ ಒಬ್ಬಳೇ ದುಪ್ಪಟಿ ಎಣಿಸೋ ನೆಪದಲ್ಲಿ ಬೀರುವಿನ ಮುಂದೆ ನಿಂತಿದ್ದಳು. ಅವಳ ತಾಯಿ ಹೆರಿಗೆಯಲ್ಲೇ ಹೋದಳು. ಅದೇ ವಾರ ನನ್ನ ಚೊಚ್ಚಲ ಕೂಸೂ ಹೋಗಿತ್ತು. ನನ್ನ ಹಾಲು ಕುಡಿದು ಬೆಳೆದ ಹುಡುಗಿ ಅವಳು.

"ಅಮ್ಮಾವ್ರೆ, ನಿಜ ಹೇಳಿ. ಸಹಿ ಹಾಕ್ತೀರಾ?" ಅಂತ ನೇರವಾಗಿ ಕೇಳಿದೆ.

"ಕೆಜಾಯತ್ತೆ, ಮೆಲ್ಲಗೆ," ಅಂದಳು. ಬಾಗಿಲ ಕಡೆ ನೋಡಿದಳು. "ಅವರು ದಿನಾ ಕೇಳ್ತಾರೆ. ದಿನಾ ಒಂದೊಂದು ನೆಪ ಹೇಳ್ತಿದ್ದೀನಿ."

"ನೆಪ ಯಾಕೆ? ಆಗಲ್ಲ ಅನ್ನೋಕೆ ಎಷ್ಟು ಹೊತ್ತು ಬೇಕು?"

"ನಿನಗೇನು, ಅಂದುಬಿಡ್ತೀಯ. ನಾನು ಆ ಮನುಷ್ಯನ ಜೊತೆ ಬಾಳಬೇಕು." ಕಣ್ಣೀರು ತುಂಬಿಕೊಂಡಳು. "ಇಷ್ಟು ದಿನ ಚರ್ಚಿನ ನಿಯಮ ತೋರಿಸಿ ತಪ್ಪಿಸಿಕೊಂಡೆ. ಭಾನುವಾರದ ಓಟಿನಲ್ಲಿ ಚರ್ಚು ನದಿ ಆಚೆಯ ಉತ್ತರದವರ ಜೊತೆ ಉಳಿದರೆ ನನ್ನ ಕೈಗೆ ಒಂದು ಆಸರೆ ಇರುತ್ತೆ. 'ಇದು ಪಾಪ, ಚರ್ಚೇ ಹೇಳುತ್ತೆ, ನಾನು ಸಹಿ ಹಾಕಲ್ಲ' ಅಂತೀನಿ. ಚರ್ಚೇ ಪಾಪ ಅಲ್ಲ ಅಂದುಬಿಟ್ಟರೆ ನಾನೇನು ಹೇಳಲಿ? ಹೇಳು?"

ಹಾಲು ಕೊಟ್ಟವಳ ಮಗಳನ್ನ ಕಾಪಾಡೋಕೆ ಇವಳಿಗೆ ಓಟಿನ ಎಣಿಕೆ ಬೇಕಂತೆ! ಬುಟ್ಟಿ ಧಡ್ ಅಂತ ಇಳಿಸಿದೆ.

ಚರ್ಚಿನ ವಿಷಯ ಏನಪ್ಪಾ ಅಂದರೆ, ಹಿಂದಿನ ವರ್ಷ ದೇಶದ ಮೆಥಡಿಸ್ಟ್ ಪಾದ್ರಿಗಳೆಲ್ಲ ನ್ಯೂಯಾರ್ಕಿನಲ್ಲಿ ಸೇರಿ ಕಿತ್ತಾಡಿದ್ದರು. ಹೆಂಡತಿ ಕಡೆಯಿಂದ ಗುಲಾಮರು ಬಂದ ಬಿಷಪ್ಪೊಬ್ಬ ಬಿಷಪ್ಪಾಗಿ ಮುಂದುವರೀಬಹುದಾ ಅಂತ ಶುರುವಾದ ಮಾತು, ಉತ್ತರದವರು ಬೇಡ, ದಕ್ಷಿಣದವರು ಬೇಕು ಅಂತ ಬೆಳೆದು, ಇಡೀ ಸಭೆ ಎರಡು ಹೋಳಾಯ್ತು. ಚರ್ಚಿನ ಹಳೆಯ ನಿಯಮದ ಪುಸ್ತಕದಲ್ಲಿ, ಮನುಷ್ಯರನ್ನ ಕೊಂಡು ಮಾರೋ ಸದಸ್ಯನನ್ನ ಚರ್ಚು ಕರೆದು ವಿಚಾರಿಸಬೇಕು ಅಂತ ನಿಯಮವಿತ್ತು. ವಿಚಾರಿಸಿದ್ದು ಅಪರೂಪವೇ, ಆದರೂ ನಿಯಮ ಇತ್ತು. ದಕ್ಷಿಣದವರ ಹೊಸ ಸಂಘದಲ್ಲಿ ಅದನ್ನ ಯಾರೂ ಎತ್ತೋದಿಲ್ಲ ಅಂತ ಪಿಕೆಟ್ ಊರೆಲ್ಲ ಹೇಳಿಕೊಂಡು ತಿರುಗ್ತಿದ್ದ. ನಮ್ಮಂಥ ಗಡಿ ಊರುಗಳು ಯಾವ ಕಡೆ ಅಂತ ತಾವೇ ಓಟು ಹಾಕಿ ತೀರ್ಮಾನಿಸಬೇಕಿತ್ತು. ನಮ್ಮೂರಿನ ಸರದಿ ಆ ಭಾನುವಾರ.

ಅದೇ ಗುರುವಾರ ಮಧ್ಯಾಹ್ನ ನಾನು ಚರ್ಚಿನ ನೆಲ ಉಜ್ಜುತ್ತಿದ್ದೆ. ಪಿಕೆಟ್ ಬಂದ, ಜೊತೆಗೆ ಪಾದ್ರಿ ಹಾರ್ಗಿಸ್. ಈ ಹಾರ್ಗಿಸ್ ಕುದುರೆ ಮೇಲೆ ಆರೇಳು ಊರು ಸುತ್ತೋ ಎಳೇ ಪಾದ್ರಿ. ಒಳ್ಳೆಯವನೇ, ಆದರೆ ಪುಕ್ಕಲ. ಬರೆದಿಟ್ಟದ್ದು ಕಣ್ಣ ಮುಂದೆ ಇದ್ದರೆ ಮಾತ್ರ ಅವನ ಬೆನ್ನುಮೂಳೆ ನೆಟ್ಟಗಾಗ್ತಿತ್ತು.

ಪಿಕೆಟ್‌ಗೆ ಒಂದು ಚಿಂತೆ. ನದಿ ಆಚೆಯ, ಗುಲಾಮಗಿರಿ ಇಲ್ಲದ ಒಹಾಯೊ ರಾಜ್ಯದ ಮರ ಕೊಯ್ಯೋರು ಭಾನುವಾರ ದೋಣಿ ಹತ್ತಿ ಬಂದು ನಮ್ಮ ಚರ್ಚಿನಲ್ಲಿ ಕೂರೋದುಂಟು. ಅವರೂ ಓಟು ಹಾಕಿಬಿಟ್ಟರೆ ಕೆಲಸ ಕೆಡುತ್ತೆ.

"ಬರ್ಕೊಳ್ಳಿ ಪಾದ್ರಿಗಳೇ," ಅಂದ. "ಈ ತ್ರೈಮಾಸಿಕದ ಚೀಟಿ ಯಾರ ಕೈಲಿದೆಯೋ ಅವರೆಲ್ಲರದೂ ಒಂದೊಂದು ಓಟು. ಚೀಟಿ ಇಲ್ಲದವರದ್ದು ಇಲ್ಲ. ಗಂಡಸಾಗಲಿ ಹೆಂಗಸಾಗಲಿ, ಯಾರೇ ಆಗಲಿ, ಇದೇ ನಿಯಮ."

"ಯಾರೇ ಆಗಲಿ ಅಂತ ಬರೀಲಾ?" ಅಂತ ಹಾರ್ಗಿಸ್ ಕೇಳಿದ.

"ಬರೀರಿ ಬರೀರಿ. ಆಮೇಲೆ ತಕರಾರು ಬೇಡ." ಕೆಳಗೆ ದಪ್ಪಕ್ಷರದಲ್ಲಿ ರುಜು ಬೇರೆ ಹಾಕಿದ.

ನನ್ನ ಕೈಯ ಬ್ರಷ್ಷು ಅಲ್ಲೇ ನಿಂತುಹೋಯ್ತು.

ಚೀಟಿ ಅಂದರೆ ಪ್ರೇಮಭೋಜನದ ಚೀಟಿ. ಮೂರು ತಿಂಗಳಿಗೊಮ್ಮೆ ನಮ್ಮ ಸಭೆಯವರೆಲ್ಲ ಬಾಗಿಲು ಹಾಕಿಕೊಂಡು ಒಟ್ಟಿಗೆ ಒಂದು ತುಂಡು ರೊಟ್ಟಿ, ಒಂದು ಗುಟುಕು ನೀರು ತಗೊಳ್ತೀವಿ. ನಡತೆ ಸರಿಯಿದ್ದವರಿಗೆ ಪಾದ್ರಿ ಕೈಯಾರೆ ಹೆಸರು ಬರೆದು ಚೀಟಿ ಕೊಡ್ತಾರೆ, ಅದಿಲ್ಲದೆ ಒಳಗೆ ಬಿಡಲ್ಲ. ಹೆಬ್ಬೆರಳಷ್ಟು ಅಗಲ, ಮೇಲೆ ಸತ್ಯವೇದದ ಒಂದು ವಚನ. ನಮ್ಮ ಕರಿಯರ ತಂಡಕ್ಕೂ ಅದೇ ಚೀಟಿ, ಅದೇ ವಚನ, ಅದೇ ಪಾದ್ರಿಯ ಕೈಬರಹ. ನಮ್ಮ ತಂಡದ ಮುಖಂಡ ನನ್ನ ಗಂಡ ಓಬೇದ. ಹಂಚೋನು ಅವನೇ.

ಪಿಕೆಟ್‌ಗೆ ಇದು ಗೊತ್ತಿರಲಿಲ್ಲ ಅಂತಲ್ಲ. ಗೊತ್ತಿತ್ತು. ಆದರೆ ನಾವು ಕೂರೋದು ಮೇಲಿನ ಅಟ್ಟದಲ್ಲಿ, ಹೊರಗಿನ ಮೆಟ್ಟಿಲು ಹತ್ತಿ. ಹದಿನೈದು ವರ್ಷದಿಂದ ಮೊದಲ ಬೆಂಚಿನಲ್ಲಿ ಕೂತವನು ಒಂದು ಸಲವೂ ಕತ್ತು ಎತ್ತಿ ಮೇಲೆ ನೋಡಿದವನಲ್ಲ. 'ಯಾರೇ ಆಗಲಿ' ಅನ್ನೋವಾಗ ಅವನ ತಲೆಯಲ್ಲಿ ನಾವು ಇರಲೇ ಇಲ್ಲ. ಅಷ್ಟು ದೊಡ್ಡ ತಪ್ಪು ಮಾಡೋಕೆ ಅಷ್ಟು ದೊಡ್ಡ ಮನುಷ್ಯನೇ ಆಗಬೇಕು.

ಮನೆಗೆ ಓಡಿಬಂದು ಓಬೇದನ ಮುಂದೆ ಚೀಟಿಗಳ ತಗಡಿನ ಡಬ್ಬಿ ಸುರಿದೆ. ಹಿತ್ತಲಲ್ಲಿ ಸಾಬೂನಿಗೆ ಬೂದಿನೀರು ಸೋಸ್ತಿದ್ದ.

"ನಮ್ಮೋರು ಎಷ್ಟು ಜನ?" ಅಂತ ಕೇಳಿದೆ.

"ಇಪ್ಪತ್ತೆರಡು," ಅಂದ. ನಾನು ಎಲ್ಲ ಹೇಳಿದ ಮೇಲೆ ಚೀಟಿಗಳನ್ನ ಒಂದೊಂದಾಗಿ ಜೋಡಿಸಿದ. ನನ್ನ ಗಂಡ ಒಂದು ಮಾತಾಡೋಷ್ಟರಲ್ಲಿ ನಾನು ಒಂದು ಹೊರೆ ಬಟ್ಟೆ ಹಿಂಡಿ ಮುಗಿಸಬಹುದು. ಕೊನೆಗೆ ಹೇಳಿದ: "ಆರು ಜನ. ಬಿಡುಗಡೆ ಆದೋರು ಮಾತ್ರ. ಉಳಿದ ಹದಿನಾರು ಜನ ಇಳೀಬಾರದು."

"ಯಾಕೆ? ಅವರ ಚೀಟಿಯೇನು ಸುಳ್ಳಾ?"

"ಚೀಟಿ ನಿಜ ಕೆಜಾಯ. ಬೆನ್ನೂ ನಿಜ. ಸೋಮವಾರ ಬೆಳಿಗ್ಗೆ ಚಾವಟಿ ಬೀಳೋದು ಯಾರ ಬೆನ್ನಿಗೆ? ನಿನ್ನದಕ್ಕಲ್ಲ."

ಸರಿ, ಚೀಟಿ ಎಲ್ಲರಿಗೂ ಹಂಚೋದು, ಇಳಿಯೋದು ಮಾತ್ರ ಆರೇ ಜನ. ನಾನು, ಓಬೇದ, ರೊಟ್ಟಿ ಸುಟ್ಟು ಮಾರೋ ಅಕ್ಕತಂಗಿಯರಿಬ್ಬರು, ದೋಣಿ ನಡೆಸೋ ಮುದುಕ, ಆಮೇಲೆ ಕ್ಷೌರಿಕ ಸೀಲಾಸ್.

"ಹೆದರಿಕೆ ಆಗಲ್ವೇನಯ್ಯಾ?" ಅಂತ ಸೀಲಾಸನ್ನ ಕೇಳಿದರೆ ನಕ್ಕುಬಿಟ್ಟ.

"ಅಕ್ಕಾ, ವಾರಕ್ಕೆ ಮೂರು ಸಲ ಆ ಪಿಕೆಟ್ ಕತ್ತಿನ ಮೇಲೆ ನಾನು ಕತ್ತಿ ಆಡಿಸ್ತೀನಿ. ಹೆದರಬೇಕಾದ್ದು ನಾನಾ, ಅವನಾ?"

ಶನಿವಾರ ಡೋರ್ಕಸ್ ನೀರು ಸೇದೋಕೆ ಬಂದಾಗ ಬಾವಿಕಟ್ಟೆ ಹತ್ತಿರ ಅವಳ ಕಿವಿ ಹಿಂಡಿ ಹೇಳಿದೆ: "ನಾಳೆ ನೀನು ಅಟ್ಟ ಬಿಟ್ಟು ಅಲ್ಲಾಡಬಾರದು. ನಾವು ನೋಡ್ಕೋತೀವಿ."

"ಮಾರ್ತಾ ಇರೋದು ನನ್ನನ್ನ ಅಮ್ಮಾ."

"ಅದಕ್ಕೇ ಹೇಳ್ತಿರೋದು!"

"ಹೂಂ," ಅಂದಳು. ನನ್ನ ಮಗಳ 'ಹೂಂ' ಅಂದರೆ ಒಪ್ಪಿದಳು ಅಂತಲ್ಲ, ಕೇಳಿಸ್ತು ಅಂತ ಅಷ್ಟೆ. ಯಾರನ್ನ ಹೋತಿದ್ದಾಳೋ ದೇವರೇ ಬಲ್ಲ.

ಭಾನುವಾರ ಚರ್ಚು ತುಂಬಿ ತುಳುಕ್ತಿತ್ತು. ಮೆಥಡಿಸ್ಟರಲ್ಲಿ ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ ಕೂರೋದು ರೂಢಿ. ಅವತ್ತು ಆ ರೂಢಿ ಮುರಿದು ಹಾರ್ಗಿಸ್ ಹೇಳಿದ: ಹಳೆಯ ಸಂಘದಲ್ಲೇ ಇರಬೇಕು ಅನ್ನೋರು ನದಿ ಕಡೆಯ ಗೋಡೆಗೆ, ದಕ್ಷಿಣದ ಸಂಘ ಬೇಕು ಅನ್ನೋರು ಬೀದಿ ಕಡೆಯ ಗೋಡೆಗೆ. ಎಲ್ಲರೂ ಚೀಟಿ ಕೈಯಲ್ಲಿ ಹಿಡೀಬೇಕು. ನದಿ ಆಚೆಯ ಮರ ಕೊಯ್ಯೋರು ಚೀಟಿ ಇಲ್ಲದೆ ಬಾಗಿಲಲ್ಲೇ ನಿಂತರು. ಪಿಕೆಟ್ ಅವರನ್ನ ನೋಡಿ ಮುಗುಳ್ನಕ್ಕ.

ಜನ ಎದ್ದರು. ನಾವು ಮೇಲಿನಿಂದ ನೋಡ್ತಾ ಇದ್ದೀವಿ. ಗಂಡ ಹೆಂಡತಿ ಬೇರೆ ಬೇರೆ ಗೋಡೆಗೆ ಹೋದರು. ಅಣ್ಣ ಈ ಕಡೆ, ತಮ್ಮ ಆ ಕಡೆ. ಮುವ್ವತ್ತು ವರ್ಷ ಒಂದೇ ಹಾಡಿನ ಪುಸ್ತಕ ಹಂಚಿಕೊಂಡು ಹಾಡಿದ ಮುದುಕಿಯರಿಬ್ಬರು ಪುಸ್ತಕವನ್ನ ಬೆಂಚಿನ ಮೇಲೆ ಬಿಟ್ಟು, ಒಬ್ಬರ ಮುಖ ಒಬ್ಬರು ನೋಡದೆ ಆಚೀಚೆ ನಡೆದರು. ಲವೀನಿಯಮ್ಮ ತಲೆ ತಗ್ಗಿಸಿಕೊಂಡು ಗಂಡನ ಹಿಂದೆ ಬೀದಿ ಕಡೆಯ ಗೋಡೆಗೆ ಹೋದಳು.

ಎಣಿಸಿದರು. ಬೀದಿ ಕಡೆ ಐವತ್ತೆಂಟು. ನದಿ ಕಡೆ ಐವತ್ತೊಂದು.

"ಮುಗೀತಲ್ಲ," ಅಂತ ಪಿಕೆಟ್ ಕೋಟು ಸರಿಮಾಡಿಕೊಂಡ.

"ಮುಗಿದಿಲ್ಲ," ಅಂತ ಮೇಲಿನಿಂದ ಓಬೇದ ಅಂದ. ಜೋರಾಗಿ ಏನೂ ಅಲ್ಲ. ಆದರೆ ಅಟ್ಟದಿಂದ ಪ್ರಾರ್ಥನೆ ಹಾಡು ಬಿಟ್ಟು ಬೇರೆ ಸದ್ದು ಆ ಚರ್ಚು ಕೇಳಿರಲಿಲ್ಲ. ಎಲ್ಲರ ಕತ್ತೂ ಒಂದೇ ಸಲ ಮೇಲಕ್ಕೆ ತಿರುಗಿತು. ಪಿಕೆಟ್‌ದೂ! ಹದಿನೈದು ವರ್ಷಕ್ಕೆ ಮೊದಲ ಸಲ!

ನಾವು ಆರು ಜನ ಹೊರಗಿನ ಮೆಟ್ಟಿಲಿಳಿದು, ಅಂಗಳ ಸುತ್ತಿ, ಮುಂಬಾಗಿಲಿನಿಂದ ಒಳಗೆ ಬಂದೆವು. ಮರ ಕೊಯ್ಯೋರು ಟೋಪಿ ತೆಗೆದು ದಾರಿ ಬಿಟ್ಟರು. ಗುರುವಾರ ನಾನೇ ಉಜ್ಜಿದ ನೆಲ, ಭಾನುವಾರದ ದಿನ ಅದರ ಮೇಲೆ ಕಾಲಿಟ್ಟದ್ದು ಅವತ್ತೇ ಮೊದಲು. ನನ್ನ ಬೂಟು ಕಿರುಗುಟ್ಟುತ್ತಿತ್ತು. ಕಿರುಗುಟ್ಟಲಿ ಅಂತ ಇನ್ನೂ ಒತ್ತಿ ನಡೆದೆ.

"ಇದೇನು ನಾಟಕ?" ಪಿಕೆಟ್ ಕೂಗಿದ. "ಹೊರಗೆ ಹಾಕಿ ಇವರನ್ನ!"

ನಾನು ಚೀಟಿ ಎತ್ತಿ ಹಿಡಿದೆ. "ಪಾದ್ರಿಗಳೇ, ಇದು ನಿಮ್ಮ ಕೈಬರಹ ತಾನೇ? ಇದರಲ್ಲಿ ಯಾರ ಹೆಸರಿದೆ ಓದಿ ಸ್ವಲ್ಪ. ನನಗೆ ಕಣ್ಣು ಮಂಜು."

ನನ್ನ ಕಣ್ಣಿಗೇನೂ ಆಗಿರಲಿಲ್ಲ. ಆ ಪುಕ್ಕಲನ ಬಾಯಿಂದ ನನ್ನ ಹೆಸರು ಹೊರಡಬೇಕಿತ್ತು.

ಹಾರ್ಗಿಸ್ ಬೆವರು ಒರೆಸಿಕೊಂಡು ಓದಿದ. "ಕೆಜಾಯ ಬ್ರಾಶಿಯರ್."

"ಗುರುವಾರ ಬರೆದ ನಿಯಮನೂ ಓದಿ. ಧಣಿಗಳ ರುಜುವಿನ ಸಮೇತ."

ಓದಿದ. ಓದ್ತಾ ಓದ್ತಾ ಅವನ ದನಿ ಗಟ್ಟಿಯಾಯ್ತು, ನಾನು ಹೇಳಲಿಲ್ವಾ, ಬರೆದದ್ದು ಕಣ್ಣೆದುರು ಇದ್ದರೆ ಅವನೇ ಬೇರೆ ಮನುಷ್ಯ. "ಗಂಡಸಾಗಲಿ ಹೆಂಗಸಾಗಲಿ, ಯಾರೇ ಆಗಲಿ." ಪುಸ್ತಕ ಮುಚ್ಚಿ ಹೇಳಿದ: "ನಿಯಮ ನಿಯಮವೇ, ಪಿಕೆಟ್ ಅವರೇ. ಈ ಆರೂ ಓಟು ಸೇರುತ್ತೆ. ನದಿ ಕಡೆ ಐವತ್ತೇಳು."

ಬೀದಿ ಕಡೆಯವರು ಗಲಾಟೆ ಎಬ್ಬಿಸಿದರು. ಆದರೆ ಲೆಕ್ಕ ನನಗೂ ಬರುತ್ತೆ. ಐವತ್ತೆಂಟು, ಐವತ್ತೇಳು. ಇಷ್ಟೆಲ್ಲ ಮಾಡಿ ಒಂದೇ ಒಂದು ಓಟಿಗೆ ಸೋತಿದ್ದೆವು. ಓಬೇದ ನನ್ನ ರಟ್ಟೆ ಹಿಡಿದುಕೊಂಡ. ಮಂಗಳವಾರದ ಸ್ಟೀಮರ್ ಕಣ್ಣ ಮುಂದೆ ಬಂತು.

ಆಗ ಹೊರಗಿನ ಮೆಟ್ಟಿಲ ಮೇಲೆ ಹೆಜ್ಜೆ ಸದ್ದು ಕೇಳಿಸ್ತು. ಒಬ್ಬರದೇ ಹೆಜ್ಜೆ. ಯಾರದ್ದು ಅಂತ ತಿರುಗಿ ನೋಡದೆಯೇ ನನಗೆ ಗೊತ್ತಾಯ್ತು, ಆ ನಡಿಗೆ ಕಲಿಸಿದವಳು ನಾನೇ ಅಲ್ವಾ.

ಡೋರ್ಕಸ್ ಬಾಗಿಲಲ್ಲಿ ಕಾಣಿಸಿಕೊಂಡಳು. ಚೀಟಿಯನ್ನ ಎದೆಗೆ ಗುಂಡುಸೂಜಿಯಿಂದ ಚುಚ್ಚಿಕೊಂಡಿದ್ದಳು. ನೆಟ್ಟಗೆ ನಡೆದು ಬಂದು ನದಿ ಕಡೆಯ ಗೋಡೆಗೆ ನನ್ನ ಪಕ್ಕ ನಿಂತಳು.

"ಏನೇ ಮಾಡಿದೆ, ಹುಚ್ಚು ಮುಂಡೇದೆ," ಅಂತ ಹಲ್ಲು ಕಚ್ಚಿ ಅಂದೆ.

"ಎಣಿಸಿದೆ ಅಮ್ಮಾ," ಅಂದಳು. "ಒಂದು ಕಡಿಮೆ ಇತ್ತು."

ಪಿಕೆಟ್ ಈ ಸಲ ಕೂಗಲಿಲ್ಲ. ನಕ್ಕ. ಜನರ ಕಡೆ ತಿರುಗಿ, ಕೋರ್ಟಿನಲ್ಲಿ ನಿಂತವನ ಹಾಗೆ ನಿಧಾನವಾಗಿ ಹೇಳಿದ: "ಬಿಡುಗಡೆ ಆದವರ ಮಾತು ಒತ್ತಟ್ಟಿಗಿರಲಿ. ಇವಳಿಗೆ ಸ್ವಂತ ಅಂತ ಏನಿದೆ? ಕೈ ಸ್ವಂತದ್ದಲ್ಲ, ಕಾಲು ಸ್ವಂತದ್ದಲ್ಲ. ಕುದುರೆ ಯಾರದೋ ಅದರ ಓಟವೂ ಅವರದೇ. ಇವಳಿಗೆ ಓಟು ಇದೆ ಅಂತಲೇ ಇಟ್ಟುಕೊಳ್ಳಿ, ಅದು ಇವಳ ಒಡೆಯರಿಗೆ ಸೇರಿದ್ದು. ಒಡೆಯರು ಯಾವ ಕಡೆ ನಿಂತಿದ್ದಾರೋ ಇವಳ ಓಟೂ ಆ ಕಡೆ. ಏನಂತೀರಿ?"

"ಸರಿ, ಸರಿ!" ಅಂತ ಬೀದಿ ಕಡೆಯ ಗೋಡೆಯಿಂದ ಹತ್ತಾರು ಗಂಟಲು ಕೂಗಿದವು. "ಒಡೆಯರ ಓಟೇ! ಅದೇ ನ್ಯಾಯ!"

ಹಾರ್ಗಿಸ್ ಪುಸ್ತಕ ತಿರುವಿದ. ಇದಕ್ಕೆ ಅದರಲ್ಲಿ ಏನೂ ಬರೆದಿರಲಿಲ್ಲ.

"ಆಶರ್," ಅಂತ ಒಂದು ಸಣ್ಣ ದನಿ.

ಲವೀನಿಯಮ್ಮ! ಚರ್ಚಿನಲ್ಲಿ ಅವಳು ಆಮೆನ್ ಅನ್ನೋದು ಸಹ ಪಕ್ಕದವರಿಗೆ ಕೇಳಿಸ್ತಿರಲಿಲ್ಲ.

"ಆಶರ್, ಡೋರ್ಕಸ್ ನಿಮ್ಮವಳಲ್ಲ. ನನ್ನಪ್ಪ ಅವಳನ್ನ ನನಗೆ ಬರೆದು ಕೊಟ್ಟರು. ಪತ್ರ ನನ್ನ ಪೆಟ್ಟಿಗೆಯಲ್ಲಿದೆ. ಅವಳ ಒಡತಿ ನಾನು."

"ಆಯ್ತು, ಅದಕ್ಕೇನೀಗ?" ಪಿಕೆಟ್ ಹುಬ್ಬು ಗಂಟಿಕ್ಕಿದ. "ನೀನು ಇಲ್ಲೇ ನಿಂತಿದ್ದೀಯಲ್ಲ, ನನ್ನ ಪಕ್ಕ."

"ನಿಂತಿದ್ದೆ," ಅಂದಳು.

ಅಲ್ಲಿಂದ ಇಲ್ಲಿಗೆ ಹನ್ನೆರಡು ಹೆಜ್ಜೆ ಇರಬಹುದು. ನಮ್ಮ ಗೋಡೆ ಕಡೆ ನಡೆಯೋಕೆ ಶುರು ಮಾಡಿದಳು. ನಡುವೆ ಒಲೆಯ ಹತ್ತಿರ ಒಂದು ಸಲ ನಿಂತಳು. ತಿರುಗಿ ಹೋಗಿಬಿಡ್ತಾಳೆ ಅಂದುಕೊಂಡೆ. ಅವಳು ನನ್ನ ಮುಖ ನೋಡಲಿಲ್ಲ. ಡೋರ್ಕಸ್ ಎದೆಯ ಮೇಲಿನ ಚೀಟಿ ನೋಡಿದಳು, ಆಮೇಲೆ ತನ್ನ ಕೈಯಲ್ಲಿದ್ದದ್ದನ್ನ ನೋಡಿದಳು. ಎರಡರ ಮೇಲೂ ಒಂದೇ ವಚನ. ಬಂದು ಡೋರ್ಕಸ್‌ಳ ಇನ್ನೊಂದು ಪಕ್ಕ ನಿಂತುಬಿಟ್ಟಳು.

"ಈಗ ಎಣಿಸಿ ಪಾದ್ರಿಗಳೇ," ಅಂದಳು.

ಎಣಿಸಿದರು. ಬೀದಿ ಕಡೆ ಐವತ್ತೇಳು. ನದಿ ಕಡೆ ಐವತ್ತೊಂಬತ್ತು. ಪಿಕೆಟ್ ಹೇಳಿದ ನ್ಯಾಯವನ್ನೇ ಹಿಡಿದರೂ ಅಷ್ಟೇ, ಅವನ ನ್ಯಾಯ ಬಿಟ್ಟರೂ ಅಷ್ಟೇ. ಬಾಗಿಲಲ್ಲಿದ್ದ ಮರ ಕೊಯ್ಯೋರಲ್ಲಿ ಒಬ್ಬ "ಹಲ್ಲೆಲೂಯ" ಅಂತ ಕಿರುಚಿದ. ಹಾರ್ಗಿಸ್ ಪುಸ್ತಕದಲ್ಲಿ ಬರೆದ, ಗಟ್ಟಿಯಾಗಿ ಓದಿದ: ಈ ಚರ್ಚು ಹಳೆಯ ಸಂಘದಲ್ಲೇ ಉಳಿಯುತ್ತದೆ, ಹಳೆಯ ನಿಯಮವೂ ಉಳಿಯುತ್ತದೆ.

ಪಿಕೆಟ್ ಕಡೆಯವರು ಹೊರಗೆ ಹೊರಟರು. ಸುಮ್ಮನೆ ಹೋದರಾ? ಒಲೆ ನನ್ನದು ಅಂತ ನಾಲ್ಕು ಜನರ ಹತ್ತಿರ ಹೊರಿಸಿಕೊಂಡು ಹೋದ, ಮಹಾನುಭಾವ. ಬಿಸಿ ಕೆಂಡ ಚೆಲ್ಲಿ ನೆಲ ಸುಟ್ಟಿತು, ನಾನು ಉಜ್ಜಿದ ನೆಲ. ಆ ಚಳಿಗಾಲ ನಾವು ಕಂಬಳಿ ಹೊದ್ದು ಪ್ರಾರ್ಥನೆ ಮಾಡಿದೆವು. ಎದುರಿಗೇ ಅವರು ಇಟ್ಟಿಗೆಯ ಹೊಸ ಚರ್ಚು ಕಟ್ಟಿದರು, ನಮ್ಮದಕ್ಕಿಂತ ಮೂರಡಿ ಎತ್ತರದ ಗೋಪುರ ಇಟ್ಟು. ಆಮೇಲೆ ಹದಿನಾರು ವರ್ಷ ಪ್ರತಿ ಭಾನುವಾರ ಎರಡೂ ಚರ್ಚಿನ ಗಂಟೆಗಳು ಒಂದರ ಮೇಲೊಂದು ಹೊಡಕೊಳ್ತಿದ್ದವು. ಆ ಎರಡು ಗಂಟೆಗಳ ಕೆಳಗೆ ಬೆಳೆದ ಮಕ್ಕಳೇ ಆಮೇಲೆ ಉತ್ತರದ ನೀಲಿ ಕೋಟು, ದಕ್ಷಿಣದ ಬೂದು ಕೋಟು ಹಾಕ್ಕೊಂಡು ಒಬ್ಬರ ಮೇಲೊಬ್ಬರು ಬಂದೂಕು ಎತ್ತಿದರು. ಆಗ ಎಲ್ಲರೂ ಬಾಯಿ ಬಾಯಿ ಬಡಕೊಂಡರು. ನನಗೇನೂ ಆಶ್ಚರ್ಯ ಆಗಲಿಲ್ಲ.

ಆದರೆ ಅವತ್ತು ಭಾನುವಾರ ನನ್ನ ತಲೆಯಲ್ಲಿ ದೇಶವೂ ಇಲ್ಲ, ಗಂಟೆಯೂ ಇಲ್ಲ. ಡೋರ್ಕಸ್‌ಳನ್ನ ಪಿಕೆಟ್ ದರದರ ಎಳಕೊಂಡು ಹೋಗಿ ಮಾಂಸಕ್ಕೆ ಹೊಗೆ ಹಾಕೋ ಕೋಣೆಯಲ್ಲಿ ಕೂಡಿಹಾಕಿದ. ಸೋಮವಾರ ಬಟ್ಟೆಯ ನೆಪದಲ್ಲಿ ಹೋದರೆ ನನ್ನನ್ನ ಗೇಟಿನಲ್ಲೇ ತಡೆದರು. ಲವೀನಿಯಮ್ಮನ ಕಿಟಕಿಗೆ ಪರದೆ ಎಳೆದಿತ್ತು. ಹನ್ನೆರಡು ಹೆಜ್ಜೆ ನಡೆದ ಹುಡುಗಿ ಆ ಮನೆಯೊಳಗೆ, ಆ ಮನುಷ್ಯನ ಎದುರು, ಎರಡು ದಿನ ನಿಲ್ತಾಳಾ? ಗೆದ್ದೆವು ಅಂತ ಊರೆಲ್ಲ ಅಂದರು. ನಾನು ಮಾತ್ರ ಅನ್ನಲಿಲ್ಲ.

ಮಂಗಳವಾರ ಬೆಳಿಗ್ಗೆ ದಂಡೆಗೆ ಹೋಗಿ ಸ್ಟೀಮರ್ ಹತ್ತೋ ಹಲಗೆಯ ಪಕ್ಕದಲ್ಲೇ ನಿಂತೆ. ಅವಳನ್ನ ತಂದರೆ ಏನು ಮಾಡ್ತೀನಿ ಅಂತ ನನಗೇ ಗೊತ್ತಿರಲಿಲ್ಲ. ಏನಾದರೂ ಮಾಡ್ತಿದ್ದೆ.

ವ್ಯಾಪಾರಿ ಬಂದ. ಹಿಂದೆ ಒಂದೇ ಸರಪಳಿಯಲ್ಲಿ ನಾಲ್ಕು ಜನ. ಮೊದಲನೆಯವನು ಗಂಡಸು, ಎರಡನೆಯವನೂ ಗಂಡಸು. ಮೂರನೆಯವಳು ಹೆಂಗಸು, ತಲೆಗೆ ಹಳದಿ ಬಟ್ಟೆ. ಡೋರ್ಕಸ್ ಹತ್ತಿರವೂ ಅಂಥದೇ ಇತ್ತು. ಅವಳು ತಿರುಗಿದಳು. ಅಲ್ಲ. ನಾಲ್ಕನೆಯವಳು ಇನ್ನೂ ಚಿಕ್ಕವಳು. ಅಷ್ಟೇ. ಹಲಗೆ ಎಳೆದುಕೊಂಡರು, ಸ್ಟೀಮರ್ ಕೂಗಿತು, ಹೊರಟಿತು. ನಾನು "ಅಪ್ಪಾ, ಯೇಸುವೇ" ಅಂತ ಅಲ್ಲೇ ಕೂತುಬಿಟ್ಟೆ. ಆ ನಾಲ್ಕು ಜನರ ತಾಯಂದಿರು ಯಾವ ದಂಡೆಯಲ್ಲಿ ಕೂತಿದ್ದರೋ. ನನ್ನ ಸಂತೋಷಕ್ಕೆ ನನಗೇ ನಾಚಿಕೆ ಆಯ್ತು, ಆದರೂ ಸಂತೋಷ ನಿಲ್ಲಲಿಲ್ಲ.

ಮನೆಗೆ ಬಂದರೆ ಡೋರ್ಕಸ್ ಹಿತ್ತಲಲ್ಲಿ ಪಿಕೆಟ್ ಮನೆಯ ಬಟ್ಟೆಗಂಟು ಬಿಚ್ಚುತ್ತಾ ನಿಂತಿದ್ದಳು, ಮೈಯೆಲ್ಲ ಹೊಗೆ ವಾಸನೆ. ನಾನು ಅವಳನ್ನ ಹಿಡಿದು ಮುಖ, ಕೈ, ಬೆನ್ನು ಎಲ್ಲ ತಡವಿ ನೋಡಿದೆ.

"ಬಿಡಮ್ಮಾ, ಕಚಗುಳಿ ಆಗುತ್ತೆ. ಹೊಡೀಲಿಲ್ಲ. ಹೊಡೆಯೋಕೆ ಬಂದ. ಅಮ್ಮಾವ್ರು ಅಡ್ಡ ನಿಂತರು."

"ಸಹಿ?"

"ಇವತ್ತು ಬೆಳಿಗ್ಗೆ ನನ್ನನ್ನ ಒಳಗೆ ಕರೆಸಿದರು. ಆ ವ್ಯಾಪಾರಿ ಕೂತಿದ್ದ, ಕಾಗದ ಮೇಜಿನ ಮೇಲಿತ್ತು. ಧಣಿ ಲೇಖನಿಗೆ ಶಾಯಿ ಅದ್ದಿ ಅಮ್ಮಾವ್ರ ಕೈಗೆ ಕೊಟ್ಟ. 'ನನ್ನ ಚರ್ಚು ಬೇಡ ಅಂದಿದೆ' ಅಂದರು ಅಮ್ಮಾವ್ರು. ಆಗ ಧಣಿ ಮೇಜು ಗುದ್ದಿದ. 'ಚರ್ಚು ಒಡೆದೆ, ಈಗ ಮನೆ ಒಡೀತಿದ್ದೀಯ. ಒಬ್ಬಳು ಆಳಿನ ಸಲುವಾಗಿ ನಿಮ್ಮಂಥೋರು ನಾಳೆ ಈ ದೇಶವನ್ನೂ ಒಡೀತೀರಿ' ಅಂದ."

"ಅದಕ್ಕೆ ಲವೀನಿಯಮ್ಮ ಏನಂದಳು?"

ಡೋರ್ಕಸ್ ಒಂದು ಅಂಗಿ ಕೊಡವಿ ನೀರಿಗೆ ಹಾಕಿದಳು. ಪಿಕೆಟ್‌ನ ಅಂಗಿ. ಬಲಗಡೆ ತೋಳಿನ ತುಂಬ ಶಾಯಿ ಚೆಲ್ಲಿತ್ತು.

"ಮೊದಲು ಲೇಖನಿಯನ್ನ ಧಣಿಯ ಮೇಲೆಸೆದರು. ಆಮೇಲೆ, 'ಒಡೆಯದೆ ಇರೋಕೆ ಈ ಹುಡುಗಿಯನ್ನ ಮಾರಲೇಬೇಕು ಅನ್ನೋದಾದ್ರೆ ಒಡೆಯಲಿ ಬಿಡಿ' ಅಂದರು."

ಆ ಹುಡುಗಿ ನನ್ನ ಹಾಲು ಕುಡಿದದ್ದಕ್ಕೆ ಅವತ್ತು ಮೊದಲ ಸಲ ನನಗೆ ಹೆಮ್ಮೆಯಾಯ್ತು.

"ಈ ಶಾಯಿ ಹೋಗುತ್ತಾ ಅಮ್ಮಾ?" ಅಂತ ಡೋರ್ಕಸ್ ಕೇಳಿದಳು.

"ನನ್ನ ಕೈಗೆ ಹೋಗದ ಕಲೆ ಯಾವುದಿದೆ?" ಅಂದೆ. ಆ ಅಂಗಿಯನ್ನ ತೊಟ್ಟಿಯಿಂದ ಎತ್ತಿದೆ, ಒಂದು ಸಲ ಬೆಳಕಿಗೆ ಹಿಡಿದು ನೋಡಿದೆ, ಹಾಗೇ ಹಿಂಡಿ ತಂತಿಗೆ ಹಾಕಿದೆ. "ಇದು ಇರಲಿ ಬಿಡು. ಹಾಕ್ಕೊಂಡು ತಿರುಗಲಿ."